ಕಟ್ಟಿದ ಎಂಜಿನ್ನಿಗೆ ಆಯಿಲ್ ಪಂಪು ಕೂರಿಸುವಾಗ

ಮಳೆಗಾಲದಲ್ಲಿ ಲಾರಿಗೆ ಬಾಡಿಗೆ ಕಡಿಮೆ. ಎಂಜಿನ್ ಬಿಚ್ಚಿಸಿ ಬೋರು ಮಾಡಿಸುವುದು, ಕ್ರ್ಯಾಂಕು ಗ್ರೈಂಡ್ ಮಾಡಿಸುವುದು ಸಾಮಾನ್ಯವಾಗಿ ಆಗಲೇ. ಕೆಲಸ ಮೇಸ್ತ್ರಿಯದಾದರೂ ಹಣ ನಮ್ಮದು. ಆದುದರಿಂದ ಸಂಪು ಮುಚ್ಚುವ ದಿನ ಮಾಲೀಕರು ಗ್ಯಾರೇಜಿನಲ್ಲಿ ಇರುವುದು ಲೇಸು.

ಕ್ರ್ಯಾಂಕು ತಿರುಗುವುದು ಬೇರಿಂಗಿನ ಲೋಹದ ಮೇಲಲ್ಲ, ನಡುವೆ ಇರುವ ಎಣ್ಣೆಯ ತೆಳುಪದರದ ಮೇಲೆ. ಆ ಪದರವನ್ನು ಒದಗಿಸುವುದು ಆಯಿಲ್ ಪಂಪು. ಅನೇಕ ಲಾರಿಗಳಲ್ಲಿ ಇದು ಸಂಪಿನೊಳಗೆ ಇರುವ, ಒಂದಕ್ಕೊಂದು ಹಲ್ಲು ಕೂಡಿದ ಎರಡು ಗೇರುಗಳ ಪೆಟ್ಟಿಗೆ. ಲೈನರು, ಪಿಸ್ಟನ್ನುಗಳಿಗೆ ಸಾವಿರಾರು ರೂಪಾಯಿ ಸುರಿದು, ಲೋಹದ ಪುಡಿ ನುಂಗಿದ ಹಳೆಯ ಪಂಪನ್ನೇ ತೊಳೆದು ಹಾಕುವವರಿದ್ದಾರೆ. ಇದು ಉಳಿತಾಯವೆಂದು ನಮಗೆ ಅನ್ನಿಸದು. ಹಾಕಲೇಬೇಕಿದ್ದರೆ ಮುಚ್ಚಳ ತೆಗೆಸಿ ಒಳಮೈಯಲ್ಲಿ ಗೀರು ಬಿದ್ದಿದೆಯೇ ನೋಡಿರಿ. ಗೇರಿನ ತುದಿಗೂ ಮುಚ್ಚಳಕ್ಕೂ ಇರುವ ಸಂದನ್ನು ಫೀಲರ್ ಗೇಜಿನಿಂದ ಅಳೆದು, ಆ ಎಂಜಿನ್ನಿನ ಕೈಪಿಡಿಯ ಅಳತೆಗೆ ಹೋಲಿಸಿರಿ. ಕಂಪನಿಯೇ ಗ್ಯಾಸ್ಕೆಟ್ ಕೊಡದ ಮುಚ್ಚಳಕ್ಕೆ ಕ್ಯಾಲೆಂಡರಿನ ರಟ್ಟು ಕತ್ತರಿಸಿ ಹಾಕುವುದುಂಟು. ರಟ್ಟಿನಷ್ಟೇ ದಪ್ಪ ಸಂದು ಹೆಚ್ಚಿ ಒತ್ತಡ ಕುಸಿಯುತ್ತದೆ. ರಿಲೀಫ್ ವಾಲ್ವಿನ ಸ್ಪ್ರಿಂಗಿಗೆ ವಾಷರ್ ಸೇರಿಸಿ ಒತ್ತಡ ಏರಿಸಲು ಹೋಗುವುದೂ ಬೇಡ. ಸವೆದ ಗೇರಾಗಲಿ ಸಡಿಲ ಬೇರಿಂಗಾಗಲಿ ಅದರಿಂದ ಸರಿಯಾಗದು.

ಎಲ್ಲರೂ ಮರೆಯುವುದು ಹೀರುವ ಕೊಳವೆಯನ್ನು. ಅದರ ಜೋಡಣೆ ಸಡಿಲವಿದ್ದರೆ ಎಣ್ಣೆ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೊರಗಿನಿಂದ ಕಾಣದ ದೋಷವಾದುದರಿಂದ ಪತ್ತೆ ಕಷ್ಟ. ಅಲ್ಲಿ ಹೊಸ ಗ್ಯಾಸ್ಕೆಟ್ ಅಥವಾ ರಬ್ಬರು ಬಳೆ ಹಾಕಿಸಿರಿ. ಅಂಟನ್ನು ಧಾರಾಳವಾಗಿ ಬಳಿಯಬಾರದು. ಹೆಚ್ಚಾದದ್ದು ಕಳಚಿ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಗ್ರೈಂಡಿಂಗಿನ ಪುಡಿ ಕ್ರ್ಯಾಂಕಿನ ಎಣ್ಣೆದಾರಿಗಳಲ್ಲಿ ಉಳಿಯದಂತೆ ಡೀಸೆಲ್ಲಿನಿಂದ ತೊಳೆದು ಗಾಳಿ ಊದಿಸಬೇಕು. ತೊಳೆಯಲು ಬಿಚ್ಚಿದ ಬಿರಡೆಗಳೆಲ್ಲ ಮರಳಿ ಕೂತಿವೆಯೇ ಎಂದು ಎಣಿಸಿ ನೋಡಿರಿ.

ಬಾವಿಯ ಕೈಪಂಪು ಒಣಗಿದ್ದರೆ ಮೇಲಿನಿಂದ ಒಂದು ಚೊಂಬು ನೀರು ಹಾಕುತ್ತೇವಷ್ಟೆ? ಇದಕ್ಕೂ ಅದೇ. ಒಣ ಗೇರುಗಳು ಎಣ್ಣೆಯನ್ನು ಬೇಗ ಎಳೆಯಲಾರವು. ಕೂರಿಸುವ ಮೊದಲು ಪಂಪಿನೊಳಗೆ ಎಂಜಿನ್ ಆಯಿಲ್ ತುಂಬಿ, ಕೈಯಿಂದ ತಿರುಗಿಸಿ, ಇನ್ನೊಂದು ಬಾಯಿಯಿಂದ ಹೊರಬರುವುದನ್ನು ಕಣ್ಣಾರೆ ನೋಡಿರಿ. ಬೋಲ್ಟುಗಳನ್ನು ಬಿಗಿದ ಮೇಲೆ ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿದರೆ ಪಂಪು ಎಲ್ಲಿಯೂ ಹಿಡಿಯಕೂಡದು.

ಸಂಪಿಗೆ ಅಳತೆಯಷ್ಟು ಎಣ್ಣೆ ಹಾಕಿದ ನಂತರವೂ ಕೂಡಲೇ ಸ್ಟಾರ್ಟ್ ಮಾಡಬೇಡಿರಿ. ಹಳೆಯ ಮಾದರಿಯ ಡೀಸೆಲ್ ಎಂಜಿನ್ನಾದರೆ ಸ್ಟಾಪ್ ಎಳೆದು ಹಿಡಿದು, ಡೀಸೆಲ್ ಹೋಗದಂತೆ ಮಾಡಿ, ಸೆಲ್ಫಿನಿಂದ ಹತ್ತು ಸೆಕೆಂಡಿನಷ್ಟು ತಿರುಗಿಸಿರಿ. ಸೆಲ್ಫು ಆರಲು ಬಿಟ್ಟು ಪುನಃ ತಿರುಗಿಸಿರಿ. ಗೇಜಿನ ಮುಳ್ಳು ಎದ್ದ ಮೇಲೆಯೇ ಸ್ಟಾರ್ಟ್. ಕಂಪ್ಯೂಟರ್ ಇರುವ ಹೊಸ ಎಂಜಿನ್ನುಗಳಿಗೆ ಕಂಪನಿಯ ಕ್ರಮವೇ ಬೇರೆ, ಅದನ್ನೇ ಅನುಸರಿಸಿರಿ. ಟರ್ಬೋ ಇದ್ದರೆ ಅದರ ಎಣ್ಣೆ ಬಾಯಿಗೂ ಮೊದಲೇ ಸ್ವಲ್ಪ ಹಾಕಿಸಿರಿ.

ಸ್ಟಾರ್ಟ್ ಆಗಿ ಹತ್ತು ಸೆಕೆಂಡಿನೊಳಗೆ ಮುಳ್ಳು ಏಳದಿದ್ದರೆ ತಕ್ಷಣ ನಿಲ್ಲಿಸಿರಿ. "ಬಿಸಿಯಾದರೆ ಬರುತ್ತೆ ಸ್ವಾಮಿ" ಎಂದು ಮೇಸ್ತ್ರಿ ಹೇಳಿದರೂ ಕೇಳಬೇಡಿರಿ. ಬಿಸಿಯಾದ ಎಣ್ಣೆ ತೆಳುವಾಗಿ ಒತ್ತಡ ಇಳಿಯುವುದೇ ಹೊರತು ಏರುವುದಿಲ್ಲ.