ನಿನ್ನ ಗೋಡೆಯ ಮೇಲಿನ ಪದ್ಯ

ಮೊನ್ನೆ ನಿನ್ನ ರೂಮಿಗೆ ಬಂದಾಗ ಮೇಜಿನ ಮೇಲಿನ ಗೋಡೆ ನೋಡಿದೆ ಮಗಾ. ಕಿಪ್ಲಿಂಗನ ‘ಇಫ್’ ಪದ್ಯವನ್ನು ದಪ್ಪ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ಅಂಟಿಸಿಕೊಂಡಿದ್ದೀಯ. ಅದರ ಕೆಳಗೆ ಎರಡು ಡಂಬೆಲ್ಲು, ಪಕ್ಕದಲ್ಲಿ ಮೂರು ದಿನದಿಂದ ತೊಳೆಯದ ಕಾಫಿ ಲೋಟ. ಲೋಕ ಗೆಲ್ಲುವುದು ಆಮೇಲಾಗಲಿ, ಮೊದಲು ಆ ಲೋಟ ತೊಳೆ. ಇಂಟರ್‌ವ್ಯೂ ಏನಾಯಿತು ಅಂತ ಕೇಳಿದರೆ “ನೋಡೋಣ ತಾತ” ಅಂದೆ. ಆ ಕೆಲಸ ಕೈತಪ್ಪಿ ಆಗಲೇ ಎಂಟು ದಿನವಾಗಿತ್ತು ಅಂತ ನಿನ್ನ ಗೆಳೆಯ ಬಾಯಿತಪ್ಪಿ ಅಂದ ಮೇಲೆ ತಿಳಿಯಿತು. ಸೋತದ್ದನ್ನು ನುಂಗಿಕೊಂಡು ಓಡಾಡುವುದು ಗಂಡಸುತನ ಅಂತ ನಿನಗೆ ಯಾರು ಹೇಳಿಕೊಟ್ಟರು? ನಾವು ಹೇಳಿಲ್ಲ. ಗೋಡೆ ಹೇಳಿಕೊಟ್ಟಿದೆ.

ಆ ಪದ್ಯ ನನಗೆ ಹೊಸದಲ್ಲ. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟವನು ನಾನು. ಪಠ್ಯದಲ್ಲಿ ಇಲ್ಲದ ವರ್ಷವೂ ಬಾಯಿಪಾಠ ಮಾಡಿಸುತ್ತಿದ್ದೆ. 32 ಸಾಲು, ಎಲ್ಲ ಸೇರಿ ಒಂದೇ ವಾಕ್ಯ. ‘ಇಫ್’ ಅನ್ನೋದು ಇಂಗ್ಲಿಷಿನಲ್ಲಿ ವಾಕ್ಯದ ತಲೆಯ ಮೇಲೆ ಕೂರುತ್ತದೆ. ಕನ್ನಡದಲ್ಲಿ ಅದು ಕ್ರಿಯಾಪದದ ಬಾಲಕ್ಕೆ ‘ರೆ’ ಆಗಿ ಅಂಟಿಕೊಳ್ಳುತ್ತದೆ. ಸಹಿಸಿದರೆ, ಕಾದರೆ, ಬಿದ್ದು ಎದ್ದರೆ. ಪದ್ಯ ಒಬ್ಬ ಅಪ್ಪ ಮಗನಿಗೆ ಹೇಳುವ ಮಾತು; ಈ ಎಲ್ಲ ‘ರೆ’ಗಳನ್ನೂ ದಾಟಿದವನಿಗೆ ಆ ಅಪ್ಪ ಕೊನೆಯಲ್ಲಿ ಎರಡು ಬಹುಮಾನ ಕೊಡುತ್ತಾನೆ: ಇಡೀ ಭೂಮಿ, ಅದಕ್ಕೂ ಮಿಗಿಲಾಗಿ ಗಂಡಸು ಅನ್ನೋ ಹೆಸರು. ನಡುವೆ ಒಳ್ಳೆಯ ಮಾತುಗಳಿವೆ, ಇಲ್ಲ ಅನ್ನುವುದಿಲ್ಲ. ಗೆದ್ದಾಗ ಹಿಗ್ಗದೆ ಸೋತಾಗ ಕುಗ್ಗದೆ ಇರು ಅನ್ನೋ ಅರ್ಥದ ಎರಡು ಸಾಲನ್ನು ವಿಂಬಲ್ಡನ್ನಿನ ಸೆಂಟರ್ ಕೋರ್ಟಿಗೆ ಆಟಗಾರರು ಇಳಿಯುವ ಬಾಗಿಲ ಮೇಲೆ ಬರೆದಿದ್ದಾರೆ. ಆಟಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ.

ಆದರೆ ಆ ಗಂಡಸು ಯಾರು ಅಂತ ಎಂದಾದರೂ ಕೇಳಿಕೊಂಡಿದ್ದೀಯಾ? ಡಾಕ್ಟರ್ ಜೇಮ್ಸನ್ನನ ಸ್ವಭಾವ ನೋಡಿ ಬರೆದೆ ಅಂತ ಕಿಪ್ಲಿಂಗನೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಜೇಮ್ಸನ್ ಓದಿದ್ದು ವೈದ್ಯಕೀಯ, ಆದದ್ದು ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷ್ ಸಾಮ್ರಾಜ್ಯ ಬೆಳೆಸುತ್ತಿದ್ದ ಸೆಸಿಲ್ ರೋಡ್ಸನ ಬಲಗೈ. ಪಕ್ಕದ ಟ್ರಾನ್ಸ್‌ವಾಲ್ ಡಚ್ ಮೂಲದ ಬಿಳಿಯರಾದ ಬೋವರರ ದೇಶ, ಅಲ್ಲಿ ಚಿನ್ನ ಸಿಕ್ಕಿತ್ತು. ಅಲ್ಲಿನ ಸರ್ಕಾರ ಉರುಳಿಸಬೇಕು ಅಂತ 1895ರ ಡಿಸೆಂಬರ್ 29ರಂದು ಸುಮಾರು 500 ಸವಾರರನ್ನು ಕಟ್ಟಿಕೊಂಡು ಗಡಿ ದಾಟಿದ. ಹೊರಡಬೇಡ ಅಂತ ಬಂದ ಸಂದೇಶಕ್ಕೆ ಕಿವಿಗೊಡಲಿಲ್ಲ. ಜೊಹಾನ್ಸ್‌ಬರ್ಗಿನಲ್ಲಿ ಏಳಬೇಕಿದ್ದ ದಂಗೆ ಏಳಲೇ ಇಲ್ಲ. ಜನವರಿ 2ಕ್ಕೆ ಡೂರ್ನ್‌ಕಾಪ್‌ನಲ್ಲಿ ಶರಣಾದ. ಲಂಡನ್ನಿನಲ್ಲಿ ವಿಚಾರಣೆ, ಜೈಲು ಎಲ್ಲ ಆಯಿತು. ತನ್ನ ಹಿಂದೆ ಯಾರಿದ್ದರು ಅಂತ ಬಾಯಿ ಬಿಡಲಿಲ್ಲ. ಆ ಮೌನಕ್ಕೆ ಇಂಗ್ಲೆಂಡಿನ ಜನ ಮರುಳಾದರು. 1904ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಕಾಲೊನಿಗೆ ಅವನೇ ಪ್ರಧಾನಿ.

ನಿನ್ನ ವಯಸ್ಸಿಗೆ ಇಂಥ ಕಥೆ ಕೇಳಿದರೆ ಮೈ ಬಿಸಿಯಾಗುತ್ತದೆ, ಗೊತ್ತು. ಸ್ವಲ್ಪ ತಡಿ. ಇದ್ದದ್ದೆಲ್ಲ ಒಂದೇ ಪಣಕ್ಕೆ ಒಡ್ಡಿ, ಸೋತು, ತುಟಿ ಬಿಚ್ಚದವನನ್ನು ಪದ್ಯ ಹೊಗಳುತ್ತದೆ. ಪಣಕ್ಕಿಟ್ಟದ್ದು ಯಾರದು? ನಂಬಿ ಹಿಂದೆ ಬಂದ ಹುಡುಗರ ಪ್ರಾಣ, ಇನ್ನೊಬ್ಬರ ನೆಲ. ನಮ್ಮ ಧರ್ಮರಾಯನೂ ಹಾಗೇ ಆಡಿದ. ಅದಕ್ಕಾಗಿ ಯಾರೂ ಅವನ ಬೆನ್ನು ತಟ್ಟಲಿಲ್ಲ. ದ್ರೌಪದಿ ತುಂಬಿದ ಸಭೆಯಲ್ಲಿ ನಿಂತು ಲೆಕ್ಕ ಕೇಳಿದಳು. ಟ್ರಾನ್ಸ್‌ವಾಲಿನಲ್ಲಿ ಹಾಗೆ ಲೆಕ್ಕ ಕೇಳಬೇಕಿದ್ದವರು ಆ ನೆಲದ ಆಫ್ರಿಕನ್ನರು. ಜಗಳವಾಡಿದ ಎರಡು ಕಡೆಯವರಿಗೂ ಅವರು ಲೆಕ್ಕಕ್ಕೇ ಇರಲಿಲ್ಲ.

ಪದ್ಯ ಪುಸ್ತಕದಲ್ಲಿ ಅಚ್ಚಾದದ್ದು 1910ರಲ್ಲಿ. ಇಡೀ ಭೂಮಿ ನಿನಗೆ ಅಂತ ಆ ಅಪ್ಪ ಬರೆದುಕೊಟ್ಟನಲ್ಲ, ಆ ಭೂಮಿಯಲ್ಲಿ ನಮ್ಮೂರೂ ಸೇರಿತ್ತು ಮಗಾ. ನನ್ನ ಅಪ್ಪ ಆಗ ಐದು ವರ್ಷದ ಕೂಸು. ಪದ್ಯದಲ್ಲಿ ಪ್ರೀತಿಯಿಂದ ಕರೆಸಿಕೊಂಡ ಮಗ ಅವನಲ್ಲ. 1899ರಲ್ಲಿ ಅಮೆರಿಕ ಫಿಲಿಪೈನ್ಸನ್ನು ಹಿಡಿಯುತ್ತಿದ್ದಾಗ ಇದೇ ಕಿಪ್ಲಿಂಗ್ ‘ಬಿಳಿಯನ ಹೊರೆ’ ಅಂತ ಪದ್ಯ ಬರೆದು, ಆಳಿಸಿಕೊಳ್ಳುವವರು ಇನ್ನೂ ಬುದ್ಧಿ ಬಲಿಯದವರು ಅನ್ನೋ ಹಾಗೆ ಮಾತಾಡಿದ. ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿಸಿದ ಡಯರನಿಗಾಗಿ ಪತ್ರಿಕೆಯೊಂದು ನಿಧಿ ಎತ್ತಿದಾಗ ಅದಕ್ಕೂ ಹಣ ಕೊಟ್ಟ. ಆ ಎರಡು ಪದ್ಯಗಳನ್ನೂ ಒಟ್ಟಿಗೆ ಇಟ್ಟು ನೋಡು. ಅವರ ಮಗ ಬೆಳೆದು ಗಂಡಸಾಗಬೇಕು; ನಾವು ಮಾತ್ರ ಎಂದೆಂದಿಗೂ ಮಕ್ಕಳಾಗಿಯೇ ಇರಬೇಕು. ಹಾಗಿದ್ದರೆ ತಾನೆ ಆಳುವುದು ಸಲೀಸು!

ಅಷ್ಟಾದರೂ ಅವನ ಮೇಲೆ ನನಗೆ ಹಗೆಯಿಲ್ಲ. ಅವನೂ ಯಾರೋ ಕಟುವಾಗಿ ಬೆಳೆಸಿದ ಹುಡುಗ. ಹುಟ್ಟಿದ್ದು ಮುಂಬಯಿಯಲ್ಲಿ, 1865ರಲ್ಲಿ. ಆಯಾಳ ಮಡಿಲಲ್ಲಿ ಹಿಂದೂಸ್ತಾನಿ ಮಾತಾಡಿಕೊಂಡು ಬೆಳೆದವನನ್ನು ಆರು ತುಂಬುವ ಮೊದಲೇ ತಂಗಿಯ ಜೊತೆ ಇಂಗ್ಲೆಂಡಿನಲ್ಲಿ ಗುರುತಿಲ್ಲದವರ ಮನೆಯಲ್ಲಿ ಬಿಟ್ಟು ಅಪ್ಪ ಅಮ್ಮ ಹಡಗು ಹತ್ತಿದರು. ಐದು ವರ್ಷಕ್ಕೂ ಮಿಗಿಲಾಗಿ ಆ ಮನೆಯಲ್ಲಿ ಏಟು ತಿಂದ, ಕಣ್ಣು ಮಂಜಾಗುವವರೆಗೆ. ವರ್ಷಕ್ಕೊಮ್ಮೆ ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದ, ಅಲ್ಲೂ ಹೇಳಲಿಲ್ಲ. ಯಾಕೋ ಒಂದು ಮಾತು ಹೇಳಲಿಲ್ಲ ಅಂತ ಆಕೆ ಆಮೇಲೆ ಎಷ್ಟೋ ಸಲ ಕೇಳಿದಳಂತೆ. ನಿನ್ನ “ನೋಡೋಣ ತಾತ” ಕೇಳಿದಾಗ ನನಗೆ ನೆನಪಾದದ್ದು ಆ ಹುಡುಗ.

ಕಿಪ್ಲಿಂಗನಿಗೆ ಜಾನ್ ಅಂತ ಒಬ್ಬನೇ ಮಗ. ಪದ್ಯ ಅಚ್ಚಾದಾಗ ಅವನಿಗಿನ್ನೂ ಹದಿಮೂರು. 1914ರಲ್ಲಿ ಯುದ್ಧ ಶುರುವಾಯಿತು. ದಪ್ಪ ಕನ್ನಡಕದ ಆ ಹುಡುಗನನ್ನು ದೃಷ್ಟಿ ಸಾಲದು ಅಂತ ಸೈನ್ಯದವರು ವಾಪಸು ಕಳಿಸಿದರು. ಅಪ್ಪ ಬಿಡಲಿಲ್ಲ. ಪರಿಚಯದ ಲಾರ್ಡ್ ರಾಬರ್ಟ್ಸರಿಗೆ ಹೇಳಿ ಐರಿಷ್ ಗಾರ್ಡ್ಸ್‌ನಲ್ಲಿ ಅಧಿಕಾರಿಯ ಜಾಗ ಕೊಡಿಸಿದ. 1915ರ ಆಗಸ್ಟ್ 17ಕ್ಕೆ ಹುಡುಗನಿಗೆ ಹದಿನೆಂಟು ತುಂಬಿತು. ಸೆಪ್ಟೆಂಬರ್ 27ರಂದು ಫ್ರಾನ್ಸಿನ ಲೂಸ್ ಕದನದಲ್ಲಿ ಕಾಣೆಯಾದ. ನಡುವೆ ಆರು ವಾರವೂ ಪೂರ್ತಿ ಇಲ್ಲ. ಅಪ್ಪ ಅಮ್ಮ ಗಾಯಾಳು ಸೈನಿಕರನ್ನು ಹುಡುಕಿಕೊಂಡು ಹೋಗಿ ಒಬ್ಬೊಬ್ಬರನ್ನೂ ವಿಚಾರಿಸಿದರು. 1936ರಲ್ಲಿ ಸಾಯುವತನಕ ಅವನಿಗೆ ಮಗನ ಸಮಾಧಿ ಸಿಗಲಿಲ್ಲ. ಆ ರೆಜಿಮೆಂಟಿನ ಚರಿತ್ರೆಯನ್ನು ತಾನೇ ಕೂತು ಎರಡು ಸಂಪುಟ ಬರೆದ. ಸತ್ತವರ ಬಾಯಿಂದ ಆಡಿಸಿದ ಪುಟ್ಟ ಚರಮಪದ್ಯಗಳನ್ನೂ ಬರೆದ. ಅವುಗಳಲ್ಲಿ ಒಂದು ಅಪ್ಪಂದಿರ ಸುಳ್ಳನ್ನು ನೇರವಾಗಿ ದೂರುತ್ತದೆ. ಅದನ್ನು ತನ್ನ ಮೇಲೇ ಹೇಳಿಕೊಂಡನೋ, ದೇಶ ಆಳುವವರ ಮೇಲೋ ಅಂತ ಓದಿದವರು ಇನ್ನೂ ವಾದ ಮಾಡುತ್ತಾರೆ. ನನ್ನ ಮಟ್ಟಿಗೆ ವಾದವಿಲ್ಲ. ನಾನೂ ಗಂಡುಮಗನ ಅಪ್ಪ.

ಅದೇ ಯುದ್ಧಕ್ಕೆ ನಮ್ಮ ಮೈಸೂರು ಲ್ಯಾನ್ಸರ್ಸ್ ಹುಡುಗರೂ ಕುದುರೆ ಹತ್ತಿ ಹೋಗಿದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಊರು ಗೆದ್ದವರಲ್ಲಿ ಅವರೂ ಇದ್ದರು. ಅವರ ಅಪ್ಪಂದಿರು ಏನು ಹೇಳಿ ಕಳಿಸಿಕೊಟ್ಟರೋ, ನಾನು ಓದಿದ ಯಾವ ಪುಸ್ತಕದಲ್ಲೂ ಕಾಣಲಿಲ್ಲ.

ಇನ್ನು ನನ್ನ ಕ್ಲಾಸಿನ ಒಂದು ಮಾತು. ನಿನ್ನ ಅಜ್ಜಿಗೆ ಬಿಟ್ಟರೆ ಯಾರಿಗೂ ಹೇಳಿದ್ದಲ್ಲ. ಒಂಬತ್ತನೇ ತರಗತಿಯ ಒಬ್ಬ ಹುಡುಗ, ಅಪ್ಪ ತೀರಿಹೋಗಿ ವೈಕುಂಠ ಸಮಾರಾಧನೆ ಮುಗಿಸಿ ಸ್ಕೂಲಿಗೆ ಬಂದಿದ್ದ. ಬೋಳಿಸಿದ ತಲೆಯಲ್ಲಿ ಸಣ್ಣ ಕೂದಲು ಚಿಗುರುತ್ತಿತ್ತು. ಅವತ್ತು ಪದ್ಯ ಒಪ್ಪಿಸುವ ಸರದಿ ಅವನದು. ಬಿಟ್ಟುಬಿಡಬಹುದಿತ್ತು, ನಾನು ಬಿಡಲಿಲ್ಲ. ಎದ್ದು ನಿಂತ. ಡೆಸ್ಕಿನ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡಿದ್ದ, ಉಗುರು ಬೆಳ್ಳಗಾಗಿತ್ತು. 32 ಸಾಲನ್ನೂ ಒಂದು ತಪ್ಪಿಲ್ಲದೆ ಒಪ್ಪಿಸಿದ. “ಭೇಷ್! ನೋಡ್ರೋ, ಗಂಡಸು ಅಂದ್ರೆ ಹೀಗಿರಬೇಕು” ಅಂತ ಬೆನ್ನು ತಟ್ಟಿದೆ. ಕ್ಲಾಸೆಲ್ಲ ಚಪ್ಪಾಳೆ. ಹದಿನೈದು ವರ್ಷವಾದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ, ಕಾಲಿಗೆ ಬಿದ್ದು ನಮಸ್ಕಾರ ಮಾಡಿದ, ಕಾಫಿ ಕುಡಿಸಿದ. ಬಸ್ಸು ಬಂದಾಗ ಅಂದ: “ಮೇಷ್ಟ್ರೇ, ಅವತ್ತು ನೀವು ಬೈದಿದ್ದರೆ ಚೆನ್ನಾಗಿತ್ತು. ಅತ್ತುಬಿಡ್ತಿದ್ದೆ.”

ಗೀತೆಯಲ್ಲೂ ಇದೇ ಇದೆಯಲ್ಲ, ಸ್ಥಿತಪ್ರಜ್ಞ ಅಂತ, ಅನ್ನುತ್ತೀಯ. ಇದೆ. ಆದರೆ ಮೊದಲಿಂದ ಓದು. ಅರ್ಜುನನ ಕೈ ನಡುಗಿತು, ಬಿಲ್ಲು ಜಾರಿತು, ಕಣ್ಣಲ್ಲಿ ನೀರು ತುಂಬಿತು. ಅವನ ಅಳಲಿಗೆ ಹೆಚ್ಚುಕಮ್ಮಿ ಒಂದು ಇಡೀ ಅಧ್ಯಾಯ ಮೀಸಲು. ಕೃಷ್ಣನೂ ಮೊದಲು ಗಂಡಸುತನದ ಮಾತೆತ್ತಿಯೇ ಗದರಿದ. ಕೆಲಸಕ್ಕೆ ಬರಲಿಲ್ಲ. ಆಮೇಲೆ ಕೂತು ಮಾತಾಡಿದ; ಅವನು ಪ್ರಶ್ನೆ ಕೇಳಿದಷ್ಟಕ್ಕೂ ಉತ್ತರ ಕೊಟ್ಟ. ಎಲ್ಲ ಮುಗಿದ ಮೇಲೆ, ಯೋಚನೆ ಮಾಡಿ ನಿನಗೆ ಸರಿಕಂಡ ಹಾಗೆ ಮಾಡು ಅಂದ. ಹಾಗೆ ಮಾಡಿದರೆ ನೀನು ಗಂಡಸು, ಇಲ್ಲದಿದ್ದರೆ ಅಲ್ಲ ಅಂತ ಕೊನೆಗೆ ಚೀಟಿ ಬರೆದುಕೊಡಲಿಲ್ಲ.

ಪದ್ಯ ಹರಿದು ಬಿಸಾಡು ಅನ್ನುತ್ತಿಲ್ಲ. ಇರಲಿ, ಅದರ ಲಯ ನನಗೆ ಇವತ್ತಿಗೂ ಇಷ್ಟ. ಪಕ್ಕದಲ್ಲಿ ಜಾನ್ ಕಿಪ್ಲಿಂಗನ ಫೋಟೋ ಒಂದು ಹಾಕಿಕೋ, ಕನ್ನಡಕ ಹಾಕಿಕೊಂಡದ್ದು.

ನಾಳೆ ಭಾನುವಾರ. ನಿನ್ನ ಅಪ್ಪ ಹತ್ತು ಗಂಟೆಗೆ ತೋಟದಿಂದ ಬಂದು ಜಗಲಿಯಲ್ಲಿ ಕೂರುತ್ತಾನೆ. ಫೋನ್ ಮಾಡು. ಕೆಲಸ ಸಿಗಲಿಲ್ಲ ಅಂತ ಹೇಳು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು “ಸರಿ, ತಿಂಡಿ ಆಯ್ತಾ?” ಅನ್ನುತ್ತಾನೆ. ಅದನ್ನು ಅವನಿಗೆ ಕಲಿಸಿದವನು ನಾನೇ. ಅಷ್ಟಕ್ಕೇ ಫೋನ್ ಇಡಬೇಡ.