ಮನೆಗೆ ಬಂದ ಗಂಡ ನೆಂಟನಲ್ಲ

ಮದುವೆಯಾಗಿ ಎರಡು ವರ್ಷವೂ ತುಂಬಿಲ್ಲ, ಆಗಲೇ ನೀನು ಬೆಂಗಳೂರು, ನಿನ್ನ ಗಂಡ ಮ್ಯೂನಿಕ್. ‘ಅಜ್ಜಿ, ಹೀಗೆ ಎಷ್ಟು ದಿನ ಅಂತ ನಡೆಯುತ್ತೆ?’ ಎಂದು ಕೇಳಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಫೋನು ನೋಡತೊಡಗಿದೆ. ಉತ್ತರಕ್ಕೆ ಕಾಯುವ ತಾಳ್ಮೆಯೇ ಇಲ್ಲದವಳು ದೂರದ ಸಂಸಾರ ಮಾಡಲು ಹೊರಟಿದ್ದೀಯಲ್ಲ! ಇರಲಿ, ಜಾಣೆ ನೀನು. ನಿಧಾನವಾಗಿ ಕೂತು ಓದು.

ನನಗೆ ಕೆಲಸ ಸಿಕ್ಕಿದ್ದು ಲಿಂಗಸುಗೂರಿನ ಸರ್ಕಾರಿ ಹೈಸ್ಕೂಲಿನಲ್ಲಿ. ನಿಮ್ಮ ತಾತನದು ಬ್ಯಾಂಕು. ಬ್ಯಾಂಕಿನಲ್ಲಿ ಆಫೀಸರ್ ಆದವರಿಗೆ ತಮ್ಮದು ಅಂತ ಒಂದು ಊರಿರುತ್ತಿರಲಿಲ್ಲ. ಪ್ರಮೋಷನ್ ಆರ್ಡರಿನ ಬೆನ್ನಿಗೇ ಟ್ರಾನ್ಸ್‌ಫರ್ ಆರ್ಡರ್. ಒಮ್ಮೆ ರಾಂಚಿ, ಇನ್ನೊಮ್ಮೆ ರಾಜ್‌ಕೋಟ್. ನಮ್ಮ ಸಂಸಾರ ನಡೆದದ್ದು ಇನ್‌ಲ್ಯಾಂಡ್ ಲೆಟರಿನಲ್ಲಿ. ಆಮೇಲೆ ಎಸ್‌ಟಿಡಿ ಬೂತುಗಳು ಬಂದವು. ರಾತ್ರಿ ಹೊತ್ತಾದ ಮೇಲೆ ಕಾಲು ರೇಟು ಅಂತ ಊಟ ಮುಗಿಸಿ, ಮಕ್ಕಳನ್ನು ಮಲಗಿಸಿ, ಬೂತಿನ ಮುಂದೆ ಸರದಿಯಲ್ಲಿ ನಿಲ್ಲುತ್ತಿದ್ದೆವು. ಒಳಗೆ ಹೋದರೆ ಕಣ್ಣೆಲ್ಲ ಮೀಟರಿನ ಕೆಂಪು ಅಂಕಿಗಳ ಮೇಲೆ.

ಆ ನೀಲಿ ಕಾಗದಗಳು ಈಗಲೂ ನನ್ನ ಟ್ರಂಕಿನಲ್ಲಿವೆ. ಪ್ರೇಮಪತ್ರ ಅಂದುಕೊಂಡು ತೆಗೆದರೆ ನಿನಗೆ ನಿರಾಸೆಯಾದೀತು. ‘ಇವತ್ತು ಕ್ಯಾಶ್ ತಾಳೆಯಾಗಲಿಲ್ಲ, ಹತ್ತು ರೂಪಾಯಿಗೋಸ್ಕರ ರಾತ್ರಿ ಒಂಬತ್ತರವರೆಗೆ ಕೂತೆವು. ಇಲ್ಲಿ ಬದನೆಕಾಯಿ ಅಗ್ಗ, ಆದರೆ ರುಚಿಯಿಲ್ಲ. ಅಂಗಿಯ ಗುಂಡಿ ನಾನೇ ಹಾಕಿಕೊಂಡೆ, ವಕ್ರವಾಗಿದೆ.’ ಮಡಿಸಿ ಅಂಟಿಸುವ ಅಂಚಿನಲ್ಲೂ ಜಾಗ ಬಿಡದೆ ಬರೆಯುತ್ತಿದ್ದರು. ನಾನೂ ಅಷ್ಟೆ. ಹತ್ತನೇ ಕ್ಲಾಸಿನವರ ಗಣಿತ, ಹೆಡ್‌ಮಾಸ್ಟರ ಸಿಡುಕು, ನಲ್ಲಿಯಲ್ಲಿ ಮೂರು ದಿನದಿಂದ ನೀರಿಲ್ಲ, ನಿನ್ನ ಅಪ್ಪ ಹಲ್ಲು ಬೀಳಿಸಿಕೊಂಡ. ಅಷ್ಟು ದೂರದ ಮನುಷ್ಯ ನನ್ನ ಹೆಡ್‌ಮಾಸ್ಟರ ಸ್ವಭಾವ ಬಲ್ಲವರಾಗಿದ್ದರು. ನಾನು ಅವರ ಕ್ಯಾಷಿಯರಿನ ಮಗಳಿಗೆ ಜ್ವರ ಬಿಟ್ಟಿತೇ ಎಂದು ವಿಚಾರಿಸುತ್ತಿದ್ದೆ. ನಮ್ಮನ್ನು ಉಳಿಸಿದ್ದು ಇದೇ ಚಿಲ್ಲರೆ ಸುದ್ದಿ.

ನೀನು ಏನು ಮಾಡುತ್ತೀ? ದಿನಾ ವಿಡಿಯೊ ಕಾಲ್ ಇದೆ, ನಿಜ. ಫೋನು ಬರುವ ಹೊತ್ತಿಗೆ ತಲೆ ಬಾಚಿ, ಮುಖ ತೊಳೆದು, ‘ಎಲ್ಲಾ ಚೆನ್ನಾಗಿದೆ, ನೀನು ಹೇಗಿದ್ದೀಯ?’ ಅನ್ನುತ್ತೀ. ಮ್ಯಾನೇಜರ್ ಬೈದದ್ದನ್ನು ನನ್ನ ಹತ್ತಿರ ಹೇಳುತ್ತೀ, ಅವನ ಹತ್ತಿರ ಮುಚ್ಚಿಡುತ್ತೀ. ಪಾಪ, ಅಷ್ಟು ದೂರದಲ್ಲಿರುವವನಿಗೆ ಯಾಕೆ ಚಿಂತೆ ಅಂತ. ಅವನೂ ಅಲ್ಲಿ ಹಾಗೇ ಮುಚ್ಚಿಡುತ್ತಿರುತ್ತಾನೆ, ನನಗೆ ಗೊತ್ತು. ಇಬ್ಬರೂ ಒಳ್ಳೆಯವರಾಗಲು ಹೋಗಿ ಒಬ್ಬರಿಗೊಬ್ಬರು ನೆಂಟರಾಗಿಬಿಡುತ್ತೀರಿ. ದೂರ ಅಂತ ಮುರಿದುಬಿದ್ದ ಸಂಸಾರ ನಾನು ಅಷ್ಟಾಗಿ ಕಂಡಿಲ್ಲ. ಮುಚ್ಚಿಟ್ಟು ಮುಚ್ಚಿಟ್ಟು ಸವೆದುಹೋದವನ್ನು ಬೇಕಾದಷ್ಟು ಕಂಡಿದ್ದೇನೆ.

ನಿಮ್ಮ ತಾತ ರಜೆಗೆ ಬಂದರೆ ನನ್ನ ಅತ್ತೆ ಹೋಳಿಗೆ ತಟ್ಟುವ ಸಂಭ್ರಮದಲ್ಲಿರುತ್ತಿದ್ದರು. ನಾನು ಮರುದಿನ ಬೆಳಗ್ಗೆಯೇ ಕೈಗೆ ಚೀಲ ಕೊಟ್ಟು ರೇಷನ್ ಅಂಗಡಿಗೆ ಕಳಿಸುತ್ತಿದ್ದೆ. ‘ಮೂರು ದಿನ ರೈಲಿನಲ್ಲಿ ಬಂದವನಿಗೆ ಇದೇನೇ?’ ಎಂದು ಅತ್ತೆ ಸಿಡಿಮಿಡಿಗೊಳ್ಳುತ್ತಿದ್ದರು. ಆದರೆ ನಿಮ್ಮ ತಾತನಿಗೆ ಅದೇ ಬೇಕಿತ್ತು ಕಣಮ್ಮಾ. ಸೀಮೆಎಣ್ಣೆ ಕ್ಯಾನು ಹಿಡಿದು ಕ್ಯೂನಲ್ಲಿ ನಿಂತಾಗ ಊರಿನವರು ‘ಯಾವಾಗ ಬಂದಿರಿ ಸಾರ್?’ ಎಂದು ಮಾತಾಡಿಸುತ್ತಿದ್ದರು. ಮನುಷ್ಯನಿಗೆ ತನ್ನ ಮನೆಗೆ ಬಂದೆ ಅನ್ನಿಸುವುದು ಆಗ. ನಿನ್ನ ಗಂಡ ಬಂದಾಗಲೂ ಅಷ್ಟೆ, ಹೋಟೆಲು, ಮಾಲು, ರೆಸಾರ್ಟು ಎಲ್ಲ ಒಂದೆರಡು ದಿನಕ್ಕೆ ಸಾಕು. ಮಿಕ್ಕ ದಿನ ಬಟ್ಟೆ ಒಣಹಾಕಲಿ, ಗ್ಯಾಸ್ ಬುಕ್ ಮಾಡಲಿ. ಜಗಳ ಬಂದರೆ ಆಡಿ ಮುಗಿಸಿ. ‘ಇರುವುದೇ ಹದಿನೈದು ದಿನ, ಯಾಕೆ ಜಗಳ’ ಅಂತ ಮುಂದೂಡಿದರೆ ಅದು ಏರ್‌ಪೋರ್ಟಿನಲ್ಲಿ ಬಾಯಿಬಿಡುತ್ತದೆ.

ದೂರವಿದ್ದೂ ಉಳಿದ ಜೋಡಿಯೊಂದರ ಕತೆ ಹೇಳುತ್ತೇನೆ. ವಿಜ್ಞಾನಿ ಸಿ.ವಿ. ರಾಮನ್ ಅವರ ಅಣ್ಣನ ಮಗ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರು ಕೇಳಿದ್ದೀಯಲ್ಲ, 1983ರಲ್ಲಿ ನೊಬೆಲ್ ಪಡೆದವರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುವಾಗ ಲಲಿತಾ ದೊರೈಸ್ವಾಮಿ ಅವರ ಪರಿಚಯವಾಯಿತು. ಆಕೆಯೂ ಭೌತಶಾಸ್ತ್ರದ ವಿದ್ಯಾರ್ಥಿನಿ. 1930ರಲ್ಲಿ ಚಂದ್ರಶೇಖರ್ ಹಡಗು ಹತ್ತಿ ಕೇಂಬ್ರಿಜ್‌ಗೆ ಹೊರಟರು. ಮದುವೆಯಾದದ್ದು 1936ರ ಸೆಪ್ಟೆಂಬರಿನಲ್ಲಿ. ಆಮೇಲೆ ದಂಪತಿ ಅಮೆರಿಕಕ್ಕೆ ಹೋಗಿ ಯರ್ಕಿಸ್ ವೀಕ್ಷಣಾಲಯದ ಊರಿನಲ್ಲಿ ಮನೆ ಹೂಡಿದರು. 1995ರಲ್ಲಿ ಚಂದ್ರಶೇಖರ್ ತೀರಿಕೊಳ್ಳುವವರೆಗೂ ಜೊತೆಯಾಗಿ ಬಾಳಿದರು. ಎಂಥ ಗಟ್ಟಿ ಜೋಡಿ! ಆದರೂ ಹೆಂಗಸಾಗಿ ನನ್ನ ಕಣ್ಣು ಇನ್ನೊಂದು ಕಡೆ ಹೋಗುತ್ತದೆ. ತನ್ನ ವಿಜ್ಞಾನವನ್ನು ಬದಿಗಿಟ್ಟವರು ಲಲಿತಾ. ಆ ಕಾಲ ಹಾಗಿತ್ತು. ನಿನ್ನ ಕಾಲದಲ್ಲಿ ಅದು ತಾನಾಗಿ ನಡೆದುಹೋಗಬಾರದು. ಯಾರು ಬಿಡಬೇಕು, ಎಷ್ಟು ಬಿಡಬೇಕು, ಎಷ್ಟು ವರ್ಷಕ್ಕೆ ಎಂದು ಇಬ್ಬರೂ ಬಾಯಿಬಿಟ್ಟು ಮಾತಾಡಿಕೊಳ್ಳಬೇಕು. ನೀನೇ ಹೋಗುವುದಾದರೂ ಸರಿ, ಅವನೇ ಬರುವುದಾದರೂ ಸರಿ. ಮಾತಾಡದೆ ಬಿಟ್ಟುಕೊಟ್ಟವರು ಮುಂದೆ ಅದನ್ನು ಮಾತುಮಾತಿಗೂ ಎತ್ತಾಡುತ್ತಾರೆ.

ಜೊತೆಗಿರಲು ದಾರಿಯಿದೆಯೇ ಎಂದು ಆಫೀಸಿನಲ್ಲೂ ಕೇಳು. ನನ್ನ ಕಾಲದಲ್ಲಿ ವರ್ಗಾವಣೆ ಬೇಕೆಂದರೆ ಕಂಡಕಂಡವರ ಬಾಗಿಲು ಕಾಯಬೇಕಿತ್ತು. 2007ರಲ್ಲಿ ಶಿಕ್ಷಕರ ವರ್ಗಾವಣೆಗೇ ಒಂದು ಕಾಯ್ದೆ ಬಂತು. ಪತಿ-ಪತ್ನಿ ಪ್ರಕರಣ ಅಂತ ಅರ್ಜಿ ಹಾಕುವ ದಾರಿಯಾಯಿತು. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ನೌಕರಿಯಲ್ಲಿದ್ದರೆ ಆದಷ್ಟು ಒಂದೇ ಊರಿನಲ್ಲಿ ಇರಿಸಬೇಕೆಂದು ಕೇಂದ್ರ ಸರ್ಕಾರ 1986ರಲ್ಲೇ ಸುತ್ತೋಲೆ ಹೊರಡಿಸಿತ್ತು. ನಿನ್ನ ಕಂಪನಿಗೆ ಇಂಥ ಕಟ್ಟುಪಾಡಿಲ್ಲ. ಕೇಳದೆ ಯಾರೂ ಕೊಡುವುದಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ಅಲ್ಲಿನ ಆಫೀಸಿಗೆ ಕಳಿಸುತ್ತೀರಾ, ಕೆಲವು ತಿಂಗಳು ಅಲ್ಲಿಂದಲೇ ಕೆಲಸ ಮಾಡಬಹುದಾ ಎಂದು ಬರವಣಿಗೆಯಲ್ಲೇ ಕೇಳು. ಇಲ್ಲ ಅಂದರೆ ಇಲ್ಲ. ಕೇಳಿದ್ದಕ್ಕೆ ಸಂಬಳವೇನೂ ಕಡಿಮೆಯಾಗದು.

ಇನ್ನೊಂದು ಸಣ್ಣ ಮಾತು. ಬೇಸಿಗೆಯಲ್ಲಿ ಅವನ ಗಡಿಯಾರ ನಿನ್ನದಕ್ಕಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅವನು ಊಟ ಮಾಡಿ ಲವಲವಿಕೆಯಿಂದ ಫೋನು ಮಾಡುವಾಗ ನಿನಗೆ ಮಧ್ಯರಾತ್ರಿ, ಕಣ್ಣು ಎಳೆಯುತ್ತಿರುತ್ತದೆ. ಆ ಹೊತ್ತಿನಲ್ಲಿ ಹುಟ್ಟುವ ಜಗಳಗಳಲ್ಲಿ ಅರ್ಧಕ್ಕರ್ಧ ನಿದ್ದೆಯದು. ‘ನಾಳೆ ಮಾತಾಡೋಣ’ ಅಂದು ಮಲಗು, ಆದರೆ ನಾಳೆ ಮರೆಯದೆ ಮಾತಾಡು. ಸಿಟ್ಟಿನಲ್ಲಿ ಮೆಸೇಜು ಟೈಪು ಮಾಡುವ ನಿನ್ನ ಚಾಳಿಯೊಂದನ್ನು ಬಿಡು ಮಾರಾಯ್ತಿ. ನಮ್ಮ ಸಿಟ್ಟಿನ ಕಾಗದ ಅಂಚೆಪೆಟ್ಟಿಗೆ ಮುಟ್ಟುವಷ್ಟರಲ್ಲಿ ಎಷ್ಟೋ ಸಲ ಹರಿದುಹೋಗುತ್ತಿತ್ತು. ನಿನ್ನದು ಬೆರಳೆತ್ತುವ ಮೊದಲೇ ಮ್ಯೂನಿಕ್ ಮುಟ್ಟಿರುತ್ತದೆ.

ಎಷ್ಟು ದಿನ ಅಂತ ಕೇಳಿದೆಯಲ್ಲ, ಅದನ್ನು ನಾನು ಹೇಳಲಾರೆ, ನೀವಿಬ್ಬರೇ ಗೊತ್ತು ಮಾಡಬೇಕು. ಈ ಭಾನುವಾರ ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ಫೋನು ಮಾಡು. ಒಂದೇ ಮನೆಯಲ್ಲಿರುವುದು ಯಾವ ವರ್ಷದ ಯಾವ ತಿಂಗಳಿಂದ ಎಂದು ಅವನ ಬಾಯಿಂದಲೂ ಹೇಳಿಸು, ನೀನೂ ಹೇಳು. ಮ್ಯಾನೇಜರ್ ಬೈದದ್ದನ್ನೂ ಅವತ್ತೇ ಹೇಳಿಬಿಡು.