ಆತ್ಮಾಹುತಿ ದಾಳಿ: ‘ಯಾಕೆ’ ಎಂದು ಬರೆಯುವವರು ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಸುದ್ದಿಮನೆಯ ಎಲ್ಲರಿಗೂ: ಜಿಲ್ಲಾ ವರದಿಗಾರರಿಗೆ, ರಾತ್ರಿ ಪಾಳಿಯ ಉಪಸಂಪಾದಕರಿಗೆ, ಭಾನುವಾರದ ಪುರವಣಿ ನೋಡಿಕೊಳ್ಳುವವರಿಗೆ, ವೆಬ್‌ಸೈಟಿಗೆ ತಲೆಬರಹ ಕೊಡುವವರಿಗೆ. ದಾಳಿ ಎಲ್ಲಿ ನಡೆಯಿತು, ಎಷ್ಟು ಮಂದಿ ಸತ್ತರು ಎಂಬುದು ಏಜೆನ್ಸಿಗಳಿಂದ ಬಂದೇ ಬರುತ್ತದೆ. ಮಾರನೆಯ ದಿನ ‘ಅವನು ಯಾಕೆ ಹೀಗೆ ಮಾಡಿದ’ ಎಂಬ ಬರಹ ಮಾತ್ರ ನಮ್ಮ ಮೇಜಿನಲ್ಲೇ ತಯಾರಾಗುವಂಥದ್ದು. ಓದುಗರ ಮನಸ್ಸಿನಲ್ಲಿ ಬಹುಕಾಲ ಉಳಿಯುವುದೂ ಅದೇ. ಆದ್ದರಿಂದ ಇಲ್ಲಿ ರಿಯಾಯಿತಿ ಇಲ್ಲ.

ಉದಾಹರಣೆಗಳನ್ನು ಬಹುತೇಕ ಶ್ರೀಲಂಕಾದಿಂದಲೇ ತೆಗೆದುಕೊಂಡಿದ್ದೇನೆ. ಅಲ್ಲಿನ ಬೆಂಕಿಯ ಝಳ ಶ್ರೀಪೆರಂಬುದೂರನ್ನೂ ನಮ್ಮ ಬೆಂಗಳೂರಿನ ಕೋಣನಕುಂಟೆಯನ್ನೂ ಮುಟ್ಟಿದೆ. ಜೊತೆಗೆ, ‘ಯಾಕೆ’ ಎಂಬ ಪ್ರಶ್ನೆಗೆ ನಾವು ಸುಲಭವಾಗಿ ಕೊಡುವ ಉತ್ತರಗಳೆಲ್ಲ ಅಲ್ಲಿ ಒಂದೊಂದಾಗಿ ಬಿದ್ದುಹೋಗುತ್ತವೆ.

ಮಾಡಬೇಡಿ: ‘ಹುಚ್ಚ’, ‘ತಲೆಕೆಟ್ಟವನು’ ಎಂದು ಬರೆದು ಕೈತೊಳೆದುಕೊಳ್ಳಬೇಡಿ.

ಇಂಥವರೇ ಬಾಂಬ್ ಕಟ್ಟಿಕೊಳ್ಳುತ್ತಾರೆ ಎಂದು ಹೇಳಬಲ್ಲ ಒಂದು ಮನೋರೋಗವಾಗಲಿ ಒಂದು ಸ್ವಭಾವವಾಗಲಿ ಸಂಶೋಧಕರಿಗೆ ಸಿಕ್ಕಿಲ್ಲ. ಏರಿಯಲ್ ಮೆರಾರಿ ಎಂಬ ಮನಶ್ಶಾಸ್ತ್ರಜ್ಞರು ದಾಳಿಗೆ ಹೊರಟು ಸಿಕ್ಕಿಬಿದ್ದ ಪ್ಯಾಲೆಸ್ಟೀನಿ ಕೈದಿಗಳನ್ನು ಮಾತಾಡಿಸಿದಾಗ ಕೆಲವರಲ್ಲಿ ಖಿನ್ನತೆಯ ಲಕ್ಷಣಗಳು ಕಂಡವು, ನಿಜ. ಆದರೆ ಖಿನ್ನತೆ ಇರುವ ಕೋಟ್ಯಂತರ ಜನ ಯಾರನ್ನೂ ಕೊಲ್ಲುವುದಿಲ್ಲ. 1993ರ ಮೇ 1ರಂದು ಕೊಲಂಬೊದ ಮೇ ದಿನದ ಮೆರವಣಿಗೆಯಲ್ಲಿ ಶ್ರೀಲಂಕಾದ ಅಧ್ಯಕ್ಷ ಪ್ರೇಮದಾಸರನ್ನು ಕೊಂದವನು, ಅದಕ್ಕೂ ಮೊದಲು ಅವರ ಮನೆಯ ಕೆಲಸದವರ ಸ್ನೇಹ ಸಂಪಾದಿಸಿ ಬಹಳ ಕಾಲ ಕಾದಿದ್ದವನು. ತಲೆಕೆಟ್ಟವನಿಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಮಾಡಬೇಡಿ: ಬಡತನವನ್ನು, ಅನಕ್ಷರತೆಯನ್ನು ಕಾರಣವಾಗಿ ಮೊದಲ ಪ್ಯಾರಾದಲ್ಲಿ ಕೂರಿಸಬೇಡಿ.

2019ರ ಏಪ್ರಿಲ್ 21, ಈಸ್ಟರ್ ಭಾನುವಾರ, ಕೊಲಂಬೊ, ನೆಗೊಂಬೊ, ಬಟ್ಟಿಕಲೋವಾಗಳ ಚರ್ಚುಗಳಲ್ಲಿ ಮತ್ತು ಕೊಲಂಬೊದ ದುಬಾರಿ ಹೋಟೆಲುಗಳಲ್ಲಿ 250ಕ್ಕೂ ಹೆಚ್ಚು ಜನರನ್ನು ಕೊಂದವರಲ್ಲಿ ಇಬ್ಬರು ಅಣ್ಣತಮ್ಮಂದಿರು. ತಂದೆ ಸಾಂಬಾರ ಪದಾರ್ಥಗಳ ದೊಡ್ಡ ವ್ಯಾಪಾರಿ. ದಾಳಿಕೋರರಲ್ಲಿ ಮತ್ತೊಬ್ಬ ಬ್ರಿಟನ್ನಿನಲ್ಲೂ ಆಸ್ಟ್ರೇಲಿಯಾದಲ್ಲೂ ಓದಿ ಬಂದವನು. ಬಡವರ ಮೇಲೆ ಈ ಆರೋಪ ಹೊರಿಸುವುದು ಸುಳ್ಳು ಮಾತ್ರವಲ್ಲ, ಅನ್ಯಾಯ ಕೂಡ.

ಮಾಡಬೇಡಿ: ಒಂದು ಧರ್ಮದ ಹೆಸರು ಹೇಳಿ ‘ಯಾಕೆ’ಗೆ ಉತ್ತರ ಸಿಕ್ಕಿತು ಎನ್ನಬೇಡಿ.

ಕೊಲಂಬೊದ ಆ ದಾಳಿಕೋರರು ಧರ್ಮದ ಹೆಸರು ಹೇಳಿಯೇ ಕೊಂದರು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅದೇ ದ್ವೀಪದಲ್ಲಿ ತಮಿಳು ಹುಲಿಗಳ ಸಂಘಟನೆ ಎಲ್‌ಟಿಟಿಇ ಸ್ವರ್ಗದ ಆಸೆ ತೋರಿಸಲಿಲ್ಲ, ದೇವರ ಹೆಸರು ಹೇಳಲಿಲ್ಲ. ಹುಟ್ಟಿನಿಂದ ಹಿಂದೂಗಳೂ ಕ್ರೈಸ್ತರೂ ಆದವರು ಪ್ರತ್ಯೇಕ ತಮಿಳು ಈಳಂ ಎಂಬ ನಾಡಿಗಾಗಿ ಬಾಂಬ್ ಕಟ್ಟಿಕೊಂಡರು. ಅಮೆರಿಕದ ರಾಬರ್ಟ್ ಪೇಪ್ 1980ರಿಂದ 2003ರವರೆಗೆ ಲೆಕ್ಕ ಹಾಕಿದ 315 ಆತ್ಮಾಹುತಿ ದಾಳಿಗಳಲ್ಲಿ 76 ಎಲ್‌ಟಿಟಿಇಯವು. ಬೇರಾವ ಸಂಘಟನೆಯದೂ ಅಷ್ಟಿರಲಿಲ್ಲ. ಪರರ ಸೈನ್ಯ ತಮ್ಮ ನೆಲದಲ್ಲಿ ಬೀಡುಬಿಟ್ಟಿರುವುದೇ ಮುಖ್ಯ ಕಾರಣ ಎಂಬ ಪೇಪ್ ವಾದವನ್ನು ಹಲವರು ಒಪ್ಪುವುದಿಲ್ಲ. ಚರ್ಚಿನಲ್ಲಿ ಪ್ರಾರ್ಥಿಸುತ್ತಿದ್ದ ಶ್ರೀಲಂಕಾದ ಜನ ಯಾರ ನೆಲವನ್ನೂ ಆಕ್ರಮಿಸಿರಲಿಲ್ಲ. ನನಗೂ ಆ ವಾದ ಅರ್ಧ ಸತ್ಯವಾಗಿಯೇ ಕಾಣುತ್ತದೆ.

ಮಾಡಿ: ಸಂಘಟನೆಯನ್ನು ಹುಡುಕಿ. ಬರಹದ ಅರ್ಧ ಭಾಗ ಅದಕ್ಕೇ ಇರಲಿ.

ಈ ಇಡೀ ಸೂಚನೆಯಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ನೋವು, ಅವಮಾನ, ಸೇಡು, ಗೆಳೆಯರ ಮೇಲಿನ ನಿಷ್ಠೆ, ಹೆಸರಿನ ಆಸೆ ಎಲ್ಲ ಊರುಗಳಲ್ಲೂ ಇವೆ. ಅವನ್ನು ಆರಿಸಿ, ಒಟ್ಟುಮಾಡಿ, ಒಂದು ದಿನಾಂಕಕ್ಕೂ ಒಂದು ಗುರಿಗೂ ಜೋಡಿಸಿ ಕಳಿಸುವವರು ಎಲ್ಲ ಕಡೆ ಇರುವುದಿಲ್ಲ. ಎಲ್ಲಿ ಇದ್ದಾರೋ ಅಲ್ಲಿ ಆತ್ಮಾಹುತಿ ದಾಳಿಗಳು ಒಂದರ ಹಿಂದೊಂದು ನಡೆಯುತ್ತವೆ.

ಎಲ್‌ಟಿಟಿಇ ಇದನ್ನು ಹೇಗೆ ನಡೆಸಿತು ನೋಡಿ. 1987ರ ಜುಲೈ 5ರಂದು ಜಾಫ್ನಾದ ನೆಲ್ಲಿಯಡಿಯಲ್ಲಿ, ಸೈನ್ಯ ಶಿಬಿರ ಮಾಡಿಕೊಂಡಿದ್ದ ಶಾಲೆಯೊಂದಕ್ಕೆ ‘ಕ್ಯಾಪ್ಟನ್ ಮಿಲ್ಲರ್’ ಎಂದು ಕರೆಯಲಾದ ಯುವಕ ಸ್ಫೋಟಕ ತುಂಬಿದ ಲಾರಿ ನುಗ್ಗಿಸಿದ. ಸಂಘಟನೆ ಅದನ್ನು ಅಲ್ಲಿಗೇ ಬಿಡಲಿಲ್ಲ. ನೆಲ್ಲಿಯಡಿಯಲ್ಲಿ ಅವನ ಪ್ರತಿಮೆ ಎದ್ದಿತು. ಜುಲೈ 5 ಪ್ರತಿವರ್ಷ ‘ಕಪ್ಪು ಹುಲಿ’ಗಳ, ಅಂದರೆ ಅದರ ಆತ್ಮಾಹುತಿ ದಳದವರ, ದಿನವಾಯಿತು. ನವೆಂಬರ್ 27 ಸತ್ತ ಎಲ್ಲ ಹೋರಾಟಗಾರರ ದಿನವಾಯಿತು. ಆ ಸಂಜೆ ಸಾಲು ಸಾಲು ದೀಪ, ಸಂಘಟನೆಯ ನಾಯಕ ಪ್ರಭಾಕರನ್ ಭಾಷಣ, ಸತ್ತವರ ತಾಯಂದಿರಿಗೆ ಮುಂದಿನ ಸಾಲಿನ ಗೌರವ. ಹೆಣ ಸುಡುವ ಪದ್ಧತಿಯೇ ಹೆಚ್ಚಾಗಿದ್ದ ಸಮಾಜದಲ್ಲಿ ಹೋರಾಟಗಾರರನ್ನು ಹೂಳುವ ರೂಢಿ ತಂದರು, ‘ಹೂಳುತ್ತಿಲ್ಲ, ಬಿತ್ತುತ್ತಿದ್ದೇವೆ’ ಎಂದರು. ದೇಹವೇ ಸಿಗದವರಿಗೆ ನಮ್ಮ ವೀರಗಲ್ಲುಗಳ ಹಾಗೆ ಕಲ್ಲು ನೆಟ್ಟರು. ಇದೆಲ್ಲ ನೋಡುತ್ತ ಬೆಳೆದ ಹದಿನಾರರ ಹುಡುಗಿಗೋ ಹುಡುಗನಿಗೋ, ಬದುಕಿದ್ದಾಗ ಸಿಗದ ಮರ್ಯಾದೆ ಸತ್ತರೆ ಸಿಗುತ್ತದೆ ಎಂಬ ಪಾಠ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಪ್ಪು ಹುಲಿಯಾಗಲು ಇಷ್ಟವಿದ್ದವರು ಪ್ರಭಾಕರನ್‌ಗೆ ಪತ್ರ ಬರೆಯಬೇಕಿತ್ತು, ಅವರಲ್ಲಿ ಕೆಲವರನ್ನಷ್ಟೇ ಆರಿಸಲಾಗುತ್ತಿತ್ತು. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಸಾಯಲು ಅರ್ಜಿ ಹಾಕಿ ಆಯ್ಕೆಯಾಗದೆ ಹೋದರೆ ಅವಮಾನವಾಗುವಂಥ ವಾತಾವರಣವನ್ನು ಯಾರೋ ಕೂತು ಕಟ್ಟಿದ್ದಾರೆ. ಅದನ್ನು ‘ಸ್ವಯಂಪ್ರೇರಿತ’ ಎಂಬ ಒಂದೇ ಪದದಲ್ಲಿ ಬರೆದು ಮುಗಿಸಬೇಡಿ.

ಶ್ರೀಪೆರಂಬುದೂರನ್ನೂ ಹೀಗೇ ಬರೆಯಬೇಕು. 1991ರ ಮೇ 21ರ ರಾತ್ರಿ ಗಂಧದ ಹಾರ ಹಿಡಿದು ರಾಜೀವ್ ಗಾಂಧಿಯವರ ಹತ್ತಿರ ಹೋಗಿ ಬಾಂಬ್ ಸಿಡಿಸಿ ಅವರನ್ನು ಕೊಂದ ಧನು ಒಬ್ಬಳೇ ಅಲ್ಲಿಗೆ ಬಂದವಳಲ್ಲ. ಎರಡು ವಾರ ಮುಂಚೆ, ಮೇ 7ರಂದು, ಮದ್ರಾಸಿನಲ್ಲಿ ವಿ.ಪಿ. ಸಿಂಗ್ ಸಭೆಯಲ್ಲಿ ತಾಲೀಮು ನಡೆದಿತ್ತು. ಉಳಿದುಕೊಳ್ಳಲು ಮನೆ ಗೊತ್ತುಮಾಡಲಾಗಿತ್ತು, ಖರ್ಚಿಗೆ ಹಣ ಬಂದಿತ್ತು, ಕೊಲೆಯ ಚಿತ್ರ ತೆಗೆಯಲೆಂದೇ ಒಬ್ಬ ಛಾಯಾಗ್ರಾಹಕನನ್ನು ಕರೆತಂದಿದ್ದರು. ಅವನೂ ಅಲ್ಲೇ ಸತ್ತ. ತನಿಖೆಗೆ ದಾರಿ ತೋರಿದ್ದು ಅವನ ಕ್ಯಾಮೆರಾದ ರೀಲು. ಮೂರು ತಿಂಗಳಾದ ಮೇಲೆ ಆಗಸ್ಟ್ 20ರ ಬೆಳಿಗ್ಗೆ ಕೋಣನಕುಂಟೆಯ ಬಾಡಿಗೆ ಮನೆಯೊಳಗೆ ಆ ಸಂಚಿನ ಮುಂದಾಳು ಶಿವರಾಸನ್ ಮತ್ತು ಅವನ ಜೊತೆಗಿದ್ದವರು ಹೆಣವಾಗಿ ಸಿಕ್ಕರು. ಅವನು ಗುಂಡು ಹೊಡೆದುಕೊಂಡಿದ್ದ, ಉಳಿದವರು ಸಯನೈಡ್ ನುಂಗಿದ್ದರು. ಅವರಾರೂ ಬಾಂಬ್ ಕಟ್ಟಿಕೊಂಡವರಲ್ಲ. ಆದರೂ ಕೊರಳಲ್ಲಿ ವಿಷದ ಕುಪ್ಪಿ ಹಾಕಿಕೊಂಡು ತಿರುಗುವುದು ಆ ಸಂಘಟನೆಯಲ್ಲಿ ಎಲ್ಲರ ದಿನಚರಿಯಾಗಿತ್ತು. ಸಾವನ್ನು ಅಷ್ಟು ಮಾಮೂಲು ಮಾಡಿದ ಮೇಲೆ ಬಾಂಬ್ ಕಟ್ಟಿಕೊಳ್ಳುವುದು ಇನ್ನೊಂದೇ ಹೆಜ್ಜೆ.

ಮಾಡಿ: ಅನ್ಯಾಯಗಳನ್ನು ಇಸವಿ ಸಮೇತ ಬರೆಯಿರಿ. ಅಷ್ಟು ಬರೆದ ಮಾತ್ರಕ್ಕೆ ಕೊಲೆಗೆ ಕಾರಣ ಕೊಟ್ಟಂತಾಯಿತು ಎಂದುಕೊಳ್ಳಬೇಡಿ.

1956ರಲ್ಲಿ ಸಿಂಹಳವೊಂದನ್ನೇ ಆಡಳಿತ ಭಾಷೆ ಮಾಡಿದ್ದು, 1970ರ ದಶಕದಲ್ಲಿ ವಿಶ್ವವಿದ್ಯಾಲಯದ ಸೀಟುಗಳಲ್ಲಿ ತಮಿಳು ವಿದ್ಯಾರ್ಥಿಗಳಿಗೆ ಬಿದ್ದ ಹೊಡೆತ, 1981ರಲ್ಲಿ ಸುಮಾರು 97,000 ಪುಸ್ತಕಗಳಿದ್ದ ಜಾಫ್ನಾ ಗ್ರಂಥಾಲಯವನ್ನು ಸುಟ್ಟದ್ದು, 1983ರ ಜುಲೈನಲ್ಲಿ ಕೊಲಂಬೊದ ತಮಿಳರನ್ನು ಹುಡುಕಿ ಹುಡುಕಿ ಕೊಂದದ್ದು, 1987ರ ನಂತರ ನಮ್ಮದೇ ಶಾಂತಿಪಾಲನಾ ಪಡೆಯಿಂದ ಅಲ್ಲಿನ ನಾಗರಿಕರು ಸತ್ತದ್ದು. ಇವನ್ನು ಬಿಟ್ಟು ಬರೆದರೆ ಓದುಗರಿಗೆ ಮೋಸ. ನಮ್ಮ ಪಡೆಯ ವಿಷಯ ಬಂದಾಗ ಮಾತ್ರ ವಾಕ್ಯ ಮೆತ್ತಗೆ ಮಾಡುವ ಅಭ್ಯಾಸವನ್ನೂ ಬಿಡಿ.

ಆದರೆ ಇದನ್ನೂ ಸೇರಿಸಿ. 2009ರ ಮೇ ತಿಂಗಳಲ್ಲಿ ಎಲ್‌ಟಿಟಿಇ ನಾಶವಾಯಿತು. ತಮಿಳರ ಕಷ್ಟ ನಾಶವಾಗಲಿಲ್ಲ. ಸೈನ್ಯಕ್ಕೆ ಶರಣಾದ ಮೇಲೆ ಕಾಣೆಯಾದ ಮಕ್ಕಳ ಫೋಟೊ ಹಿಡಿದು ಕಿಲಿನೊಚ್ಚಿಯ ರಸ್ತೆ ಬದಿಯಲ್ಲಿ ತಾಯಂದಿರು 2017ರ ಫೆಬ್ರುವರಿಯಲ್ಲಿ ಧರಣಿ ಕೂತರು. ಅದು ವರ್ಷಗಟ್ಟಲೆ ನಡೆಯಿತು. ಅವರಿಗಿಂತ ದೊಡ್ಡ ದುಃಖ ಯಾರಿಗಿತ್ತು? ಆ ದುಃಖದಿಂದ ಒಬ್ಬ ಬಾಂಬರನೂ ಹುಟ್ಟಲಿಲ್ಲ. ದುಃಖವನ್ನು ಕಚ್ಚಾಮಾಲು ಮಾಡಿಕೊಳ್ಳುವ ಸಂಘಟನೆ ಅಲ್ಲಿ ಉಳಿದಿರಲಿಲ್ಲ. ನೋವೇ ಬಾಂಬರನನ್ನು ಹುಟ್ಟಿಸುತ್ತದೆ ಎಂದು ಬರೆಯಹೊರಟವರು ಈ ತಾಯಂದಿರ ಮುಖ ನೋಡಿ ಬರೆಯಲಿ.

ಮಾಡಬೇಡಿ: ಧನುವಿನ ಕತೆಯನ್ನು ಸಿದ್ಧ ಸತ್ಯವೆಂಬಂತೆ ಮತ್ತೆ ಮತ್ತೆ ಅಚ್ಚು ಹಾಕಬೇಡಿ.

ಭಾರತೀಯ ಸೈನಿಕರು ಅವಳ ಮೇಲೆ ಅತ್ಯಾಚಾರ ಮಾಡಿದ್ದರು, ಅದಕ್ಕೇ ಸೇಡು ತೀರಿಸಿಕೊಂಡಳು ಎಂಬ ಮಾತು ಪ್ರತಿ ಮೇ ತಿಂಗಳಲ್ಲಿ ಯಾವುದಾದರೂ ಪುಟದಲ್ಲಿ ಕಾಣಿಸುತ್ತದೆ. ಒಬ್ಬರು ಹೇಳಿದ ಕತೆಗೂ ಇನ್ನೊಬ್ಬರು ಹೇಳಿದ್ದಕ್ಕೂ ಹೊಂದುವುದಿಲ್ಲ. ಹೆಣ್ಣು ಬಾಂಬರ್ ಎಂದ ಕೂಡಲೇ ಅತ್ಯಾಚಾರ, ಪ್ರೇಮವೈಫಲ್ಯ, ಬಂಜೆತನ ಎಂದು ಹುಡುಕುವ ಕೈ, ಗಂಡಸಿನ ವಿಷಯದಲ್ಲಿ ರಾಜಕೀಯ ಹುಡುಕುತ್ತದೆ. ಗಂಡಸಿಗೆ ಕೇಳುವ ಪ್ರಶ್ನೆಗಳನ್ನೇ ಹೆಣ್ಣಿಗೂ ಕೇಳಿ: ಯಾರು ಆರಿಸಿದರು, ಯಾರು ತರಬೇತಿ ಕೊಟ್ಟರು, ಯಾರ ಆದೇಶ?

ಮಾಡಬೇಡಿ: ಕೆಳಗಿನವು ನಮ್ಮ ಪುಟದಲ್ಲಿ, ಪರದೆಯಲ್ಲಿ ಬರಲೇಕೂಡದು.

ಬಾಂಬರನ ಕೊನೆಯ ವಿಡಿಯೊ. ಕೊನೆಯ ಪತ್ರದ ಪೂರ್ಣಪಾಠ. ಬಂದೂಕು ಹಿಡಿದು ಅವನೇ ತೆಗೆಸಿಕೊಂಡ ಫೋಟೊ ಮುಖಪುಟದಲ್ಲಿ. ಸ್ಫೋಟಕ ಏನು, ಹೇಗೆ ಕಟ್ಟಿಕೊಂಡ, ತಪಾಸಣೆ ಹೇಗೆ ತಪ್ಪಿಸಿದ ಎಂಬ ವಿವರ. ‘ಹುತಾತ್ಮ’, ‘ಧೀರ’ ಎಂದು ಸಂಘಟನೆ ಬಳಸಿದ ಮಾತು ಉದ್ಧರಣ ಚಿಹ್ನೆ ಇಲ್ಲದೆ. ಅವನ ತಂದೆತಾಯಿಯ ಮನೆಯ ವಿಳಾಸ. ಪ್ರತಿಮೆ, ದೀಪ, ಹಾಡುಗಳಿಂದ ಸಂಘಟನೆ ಮಾಡುತ್ತಿದ್ದ ಕೆಲಸವನ್ನು ನಮ್ಮ ಕಾಗದ, ಶಾಯಿಯಿಂದ ಮಾಡಿಕೊಡುವ ಅಗತ್ಯ ಇಲ್ಲ. ಬೇರೆಯವರು ಹಾಕಿದ್ದಾರೆ ಎಂಬ ಸಬೂಬು ಬೇಡ.

ಮಾಡಿ: ಆ ಸಮುದಾಯದೊಳಗೇ ಬೇಡವೆಂದವರನ್ನು ಹುಡುಕಿ, ಅವರ ಹೆಸರು ಬರೆಯಿರಿ.

ಜಾಫ್ನಾ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ವೈದ್ಯೆ ರಜನಿ ತಿರಣಗಾಮ ಒಂದು ಕಾಲಕ್ಕೆ ಎಲ್‌ಟಿಟಿಇ ಗಾಯಾಳುಗಳಿಗೆ ಚಿಕಿತ್ಸೆ ಮಾಡಿದವರು. ಆಮೇಲೆ ಶ್ರೀಲಂಕಾ ಸೈನ್ಯ, ಭಾರತೀಯ ಪಡೆ, ಹುಲಿಗಳು ಮೂವರ ಹಿಂಸೆಯನ್ನೂ ದಾಖಲಿಸಿ ಬರೆದರು. 1989ರ ಸೆಪ್ಟೆಂಬರ್ 21ರಂದು ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದವರನ್ನು ಗುಂಡಿಟ್ಟು ಕೊಂದರು; ಕೊಂದದ್ದು ಹುಲಿಗಳೇ ಎಂದು ಅವರ ಜೊತೆಯವರು ಹೇಳಿದರು. ತಮಿಳರಿಗೆ ಸಂವಿಧಾನದ ದಾರಿಯಲ್ಲೇ ಅಧಿಕಾರ ಸಿಗಬೇಕೆಂದು ದುಡಿದ ತಮಿಳು ವಕೀಲ ನೀಲನ್ ತಿರುಚೆಲ್ವಂ 1999ರ ಜುಲೈ 29ರಂದು ಕೊಲಂಬೊದಲ್ಲಿ ಆತ್ಮಾಹುತಿ ದಾಳಿಗೇ ಬಲಿಯಾದರು. ಈಸ್ಟರ್ ದಾಳಿಯ ಮುಂದಾಳು ಜಹ್ರಾನ್ ಹಾಶಿಮ್ ಬಗ್ಗೆ ವರ್ಷಗಳ ಮೊದಲೇ ದೂರು ಕೊಟ್ಟವರು ಅವನದೇ ಊರು ಕಾಟ್ಟಾನ್‌ಕುಡಿಯ ಮುಸ್ಲಿಮರು. ಈ ಸಂಗತಿಗಳು ಗೊತ್ತಿದ್ದವರು ಒಂದು ಸಮುದಾಯದ ಅಂಗಡಿಯವನ ಮುಂದೆ ಮೈಕ್ ಹಿಡಿದು ‘ನೀವು ಖಂಡಿಸುತ್ತೀರಾ’ ಎಂದು ಕೇಳುವುದಿಲ್ಲ. ನಮ್ಮಲ್ಲೂ ಯಾರೂ ಕೇಳಕೂಡದು.

ಮಾಡಿ: ಸತ್ತವರಿಗೆ ಬಾಂಬರನಿಗಿಂತ ಹೆಚ್ಚು ಜಾಗ ಕೊಡಿ. ಇದು ಪುಟವಿನ್ಯಾಸದವರಿಗೂ ಅನ್ವಯ.

ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಜೊತೆ ಪೊಲೀಸರು, ಪಕ್ಷದ ಕಾರ್ಯಕರ್ತರು, ಅವರಿಗೆ ಪದ್ಯ ಓದಿ ಕೇಳಿಸಲು ಬಂದಿದ್ದ ಬಾಲಕಿ ಸೇರಿ ಕನಿಷ್ಠ ಹದಿನಾಲ್ಕು ಜನ ಸತ್ತರು. ಧನುವಿನ ಬಗ್ಗೆ ಪುಟಗಟ್ಟಲೆ ಓದಿದ ನಮ್ಮ ಓದುಗರಿಗೆ ಆ ಮಗುವಿನ ವಿಷಯ ಗೊತ್ತೇ ಇಲ್ಲ. 2019ರಲ್ಲಿ ಏಪ್ರಿಲ್ 18ರ ಮತದಾನ ಮುಗಿಸಿ, ಚುನಾವಣೆಯ ದಣಿವು ಆರಿಸಿಕೊಳ್ಳಲು ಕೊಲಂಬೊಗೆ ಹೋಗಿದ್ದ ಕರ್ನಾಟಕದ ಜೆಡಿಎಸ್ ಕಾರ್ಯಕರ್ತರು ಶಾಂಗ್ರಿಲಾ ಹೋಟೆಲಿನಲ್ಲಿ ಸತ್ತರು. ಪ್ರತಿವರ್ಷ ಈಸ್ಟರ್ ಬಂದಾಗ ಸಂಬಂಧಪಟ್ಟ ಜಿಲ್ಲೆಗಳ ವರದಿಗಾರರು ಅವರ ಮನೆಗಳಿಗೆ ಮೊದಲೇ ಹೇಳಿ ಹೋಗಬೇಕು. ಮಾತಾಡಲು ಇಷ್ಟವಿಲ್ಲ ಎಂದರೆ ಹೊಸಿಲಿನಿಂದಲೇ ವಾಪಸು ಬರಬೇಕು. ಮಾತಾಡಿದರೆ ಪರಿಹಾರ ಬಂತೇ, ಮಕ್ಕಳ ಓದು ಎಲ್ಲಿಗೆ ಬಂತು, ಸಾಲ ತೀರಿತೇ ಎಂದು ಕೇಳಿ ಬರೆಯಬೇಕು. ಆ ವರದಿಗೆ ಮೂರನೇ ಪುಟದಿಂದಾಚೆಯ ಜಾಗ ಕೊಡುವಂತಿಲ್ಲ.